ಮಾವನ ರೇಡಿಯೋ, ವಠಾರದ ಹಸಿ ಬಟ್ಟೆ

ನಮ್ಮ ಸೋದರಮಾವ ಕುಡಿಯುತ್ತಿದ್ದಾಗಲೇ ಚೆನ್ನಾಗಿದ್ದರು! ಹುಬ್ಬೇರಿಸಬೇಡಿ, ಇದು ನಾನೊಬ್ಬಳೇ ಹೇಳುವ ಮಾತಲ್ಲ. ಹಲಸೂರಿನ ನಮ್ಮ ವಠಾರದಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ. ಕುಡಿಯುತ್ತಿದ್ದಾಗ ಅವರಿಂದ ಕಷ್ಟ ನಮ್ಮ ಮನೆಗೆ ಮಾತ್ರ ಇತ್ತು. ಕುಡಿತ ಬಿಟ್ಟು ರೇಡಿಯೋ ಹಿಡಿದ ಮೇಲೆ ಆ ಕಷ್ಟ ವಠಾರಕ್ಕೆಲ್ಲ ಹಬ್ಬಿ, ಅಲ್ಲಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಕೆ.ಆರ್. ಪುರದ ರೈಲು ನಿಲ್ದಾಣದವರೆಗೂ ಹೋಯಿತು. ಅದು ಹೋದ ಬಗೆಯನ್ನು ಆಮೇಲೆ ಹೇಳುತ್ತೇನೆ.

ತೊಂಬತ್ತರ ದಶಕದಲ್ಲಿ ನಾನು ಟೈಪಿಸ್ಟ್ ಕೆಲಸಕ್ಕೆಂದು ಕೋಲಾರದಿಂದ ಬಂದು ಮಾವನ ಮನೆ ಸೇರಿದೆ. ಆಫೀಸು ಇಂದಿರಾನಗರದಲ್ಲಿ. "ಅಣ್ಣನ ಮೇಲೆ ಒಂದು ಕಣ್ಣಿಟ್ಟಿರು" ಎಂದು ಅಮ್ಮ ಹೇಳಿ ಕಳಿಸಿದ್ದಳು. ಕಣ್ಣಿಡುವುದೇನು ಮಹಾ? ಕಿವಿ ಮುಚ್ಚಿಕೊಳ್ಳುವುದು ಹೇಗೆ ಎಂದು ಅವಳು ಹೇಳಿಕೊಡಲಿಲ್ಲ.

ಮಾವ ಕೆ.ಆರ್. ಪುರದ ಕಡೆ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಸಂಬಳದ ದಿನ ಕಾರ್ಖಾನೆಯಿಂದ ಹೊರಟವರು ಮನೆ ಸೇರುತ್ತಿರಲಿಲ್ಲ. ಮಾರನೆಯ ದಿನ ಅತ್ತೆ ಶಿವಾಜಿನಗರಕ್ಕೆ ಹೋಗಿ, ಬಸ್ ನಿಲ್ದಾಣದ ಆಸುಪಾಸಿನಲ್ಲಿ ಹುಡುಕಿ ಕರೆತರಬೇಕಿತ್ತು. ಅಂಥದೊಂದು ಬೆಳಗಿನ ಜಾವ ಮಾವ ಒಂದು ಟೀ ಅಂಗಡಿಯ ಬೆಂಚಿನ ಮೇಲೆ ಬಿದ್ದಿದ್ದರಂತೆ. ಅಂಗಡಿಯವನು ಸಿನಿಮಾ ಹಾಡು ಹುಡುಕುತ್ತ ರೇಡಿಯೋದ ತಿರುಪು ತಿರುಗಿಸುವಾಗ ಅದು ಎಲ್ಲೋ ಸಿಕ್ಕಿಕೊಂಡಿತು. ಬಿಂದಿಗೆಯೊಳಗಿನಿಂದ ಮಾತಾಡುವಂಥ ದನಿಯೊಂದು ಹೊರಗೆ ಬಂತು: "ರಸ್ತೆ ಬದಿಯಲ್ಲಿ ಬಿದ್ದಿರುವ ಮಗನೇ, ನಿನ್ನನ್ನು ಯಾರೂ ನೋಡುತ್ತಿಲ್ಲ ಅಂದುಕೊಂಡೆಯಾ?"

ಮಾವ ದಡಕ್ಕನೆ ಎದ್ದು ಕುಳಿತರು. ಸುತ್ತ ನೋಡಿ ಅಂಗಡಿಯವನನ್ನು ಕೇಳಿದರು: "ನಾನು ಇಲ್ಲಿ ಬಿದ್ದಿರೋದು ಅವರಿಗೆ ಯಾರು ಹೇಳಿದ್ದು?"

"ಇಡೀ ಶಿವಾಜಿನಗರಕ್ಕೆ ಗೊತ್ತು," ಅಂದನಂತೆ ಅವನು, "ಅವರಿಗೆ ಗೊತ್ತಾಗಲ್ವಾ?"

ಅಷ್ಟೇ. ಮಾವ ಆವತ್ತೇ ಕುಡಿತ ಬಿಟ್ಟರು. ನನಗೆ ಉರಿಯುವುದು ಇದಕ್ಕೇ. ಹುಟ್ಟಿದಾಗಿನಿಂದ ಪ್ರತಿ ಭಾನುವಾರ ಚರ್ಚಿಗೆ ಹೋದ ಮನುಷ್ಯ. ಚರ್ಚಿನ ಅಯ್ಯನವರು ಮನೆಗೇ ಬಂದು ಬುದ್ಧಿ ಹೇಳಿದ್ದರು. ಅತ್ತೆ ಅತ್ತ ಕಣ್ಣೀರಿನಲ್ಲಿ ಹಲಸೂರು ಕೆರೆ ಇನ್ನೊಂದು ಸಲ ತುಂಬುತ್ತಿತ್ತು. ಡಾಕ್ಟರು ಈರುಳ್ಳಿ ಹೆಚ್ಚಿದಷ್ಟು ವಿವರವಾಗಿ ಲಿವರ್ ವಿಷಯ ಹೇಳಿದ್ದರು. ಅದ್ಯಾವುದೂ ನಾಟದ ತಲೆಗೆ ಟೀ ಅಂಗಡಿಯ ಕೆಟ್ಟ ತಿರುಪು ನಾಟಿತೇ? ದೇವರು ಬರುವುದಾದರೆ ಬಾಗಿಲಿನಿಂದ ಬರಬಾರದೇ?

ಮಾವ ಅಂಗಡಿಯವನಿಂದ ಆ ಕ್ರೈಸ್ತ ಕಾರ್ಯಕ್ರಮದ ಹೊತ್ತು ಕೇಳಿಕೊಂಡು, ಎರಡು ಬ್ಯಾಂಡಿನ ಟ್ರಾನ್ಸಿಸ್ಟರ್ ಒಂದನ್ನು ಕೊಂಡು ತಂದರು. ಬೆಳಗ್ಗೆ ಆರರಿಂದ ಆರೂವರೆ, ಶಾರ್ಟ್ ವೇವ್. ದನಿ ಯಾವ ದೇಶದಿಂದ ಹೊರಡುತ್ತಿತ್ತೋ, ಯಾವ ಸಮುದ್ರ ದಾಟಿ ಬರುತ್ತಿತ್ತೋ, ಬಂದು ತಲುಪುವಾಗ ಶಿಳ್ಳೆ, ಗೊರಗೊರ, ನಡುವೆ ಒಂದಿಷ್ಟು ಚೀನೀ ಭಾಷೆ, ಎಲ್ಲವನ್ನೂ ಮೈಗೆ ಮೆತ್ತಿಕೊಂಡಿರುತ್ತಿತ್ತು. ಆ ದನಿಯ ಮಹನೀಯರಿಗೆ ನಾನು 'ಬಿಂದಿಗೆ ಬ್ರದರ್' ಎಂದು ಹೆಸರಿಟ್ಟೆ. ಮಾವನಿಗೆ ಬೇಸರವಾಗಲಿಲ್ಲ. "ಹೌದಲ್ಲೇ, ತುಂಬಿದ ಬಿಂದಿಗೆ," ಅಂದರು. ಇಂಥವರನ್ನು ಗೇಲಿ ಮಾಡಿಯಾದರೂ ಏನು ಸುಖ ಹೇಳಿ!

ಅತ್ತೆಗೆ ಈ ವಿಷಯದಲ್ಲಿ ತಮಾಷೆ ಸೇರುತ್ತಿರಲಿಲ್ಲ. ಒಮ್ಮೆ ಹೊಸಕೋಟೆಯಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋಗಿ ಉಳಿದಾಗ ಬೆಳಗಿನ ರೇಡಿಯೋ ತಪ್ಪಿತು. ಮಧ್ಯಾಹ್ನದ ಹೊತ್ತಿಗೆ ಮಾವನ ಕೈ ನಡುಗತೊಡಗಿತು. ಸಂಜೆ ಊಟದ ಎಲೆಯ ಮುಂದೆ ಮಾವನಿರಲಿಲ್ಲ. ಹುಡುಕಿದರೆ ಹೆಂಡದಂಗಡಿಯ ಹಿಂದೆ ಸಿಕ್ಕರು. ಆವತ್ತಿನಿಂದ ಅತ್ತೆಗೆ ಒಂದು ಲೆಕ್ಕ ಗಟ್ಟಿಯಾಯಿತು. "ಆ ಅರ್ಧ ಗಂಟೆ ಕೇಳಿದ್ರೆ ಆವತ್ತು ಗಂಡ ನನ್ನೋನು. ಕೇಳದಿದ್ರೆ ಅಂಗಡಿಯವನ್ದು," ಎನ್ನುತ್ತಿದ್ದರು. ಅಕ್ಕಿ ಡಬ್ಬಿಯಲ್ಲಿ ಯಾವಾಗಲೂ ಹೊಸ ಸೆಲ್ ಹೂತಿಟ್ಟಿರುತ್ತಿದ್ದರು. ಸೊರಗಿದ ಸೆಲ್ಲುಗಳನ್ನು ಮೊರದಲ್ಲಿ ಹಪ್ಪಳದ ಜೊತೆ ಬಿಸಿಲಿಗಿಟ್ಟು, "ಹಪ್ಪಳ ತಿರುಗಿಸುವಾಗ ಸೆಲ್ಲೂ ತಿರುಗಿಸು" ಎಂದು ನನಗೆ ಹೇಳಿ ಹೋಗುತ್ತಿದ್ದರು. ಮಳೆಗಾಲದಲ್ಲಿ ನಮ್ಮ ಮನೆಯ ಹಪ್ಪಳಕ್ಕೆ ಯಾವ ರುಚಿ ಇರುತ್ತಿತ್ತು ಎಂದು ನೀವು ಕೇಳದಿದ್ದರೆ ವಾಸಿ.

ಇಷ್ಟಾದರೂ ಸ್ಟೇಷನ್ನು ಸರಿಯಾಗಿ ಹಿಡಿಯುತ್ತಿರಲಿಲ್ಲ. ಮಾವ ಫಿಟ್ಟರ್ ಬುದ್ಧಿ ಓಡಿಸಿದರು. ನಮ್ಮ ವಠಾರದ ಅಂಗಳದಲ್ಲಿ ಈ ತುದಿಯಿಂದ ಆ ತುದಿಗೆ ಬಟ್ಟೆ ಒಣಹಾಕುವ ಕಬ್ಬಿಣದ ತಂತಿ ಇತ್ತು, ಎಲ್ಲ ಮನೆಗಳಿಗೂ ಸೇರಿದ್ದು. ಮಾವ ರೇಡಿಯೋದ ಏರಿಯಲ್ ಕಡ್ಡಿಗೆ ತಾಮ್ರದ ಎಳೆಯೊಂದನ್ನು ಸುತ್ತಿ, ಕಿಟಕಿಯಿಂದ ಹೊರಗೆಳೆದು, ಆ ತಂತಿಗೆ ಕಟ್ಟಿಬಿಟ್ಟರು. ಬಿಂದಿಗೆ ಬ್ರದರ್ ಪಕ್ಕದ ಕೋಣೆಯಲ್ಲಿ ಕೂತು ಮಾತಾಡಿದಷ್ಟು ಸ್ಪಷ್ಟವಾದರು! ಆದರೆ ತಂತಿಯ ಮೇಲೆ ಹಸಿ ಬಟ್ಟೆ ಬಿದ್ದರೆ ದನಿ ಕುಸಿಯುತ್ತದೆ ಎಂಬುದು ಮಾವನ ಸಂಶೋಧನೆ. ಒಂದು ಟವೆಲ್ಲಿಗೆ ಇಷ್ಟು, ಒಂದು ಲಂಗಕ್ಕೆ ಇಷ್ಟು, ಒದ್ದೆ ಜಮಖಾನಕ್ಕೆ ಪೂರ್ತಿ ಬಂದ್ ಎಂದು ಕೈಯಳತೆಯಲ್ಲಿ ತೋರಿಸುತ್ತಿದ್ದರು. ಹೀಗಾಗಿ ಆರರಿಂದ ಆರೂವರೆ ತನಕ ತಂತಿಗೆ ಯಾರೂ ಬಟ್ಟೆ ಹಾಕುವಂತಿಲ್ಲ ಎಂದು ವಠಾರಕ್ಕೆ ಸಾರಿದರು.

ಯುದ್ಧ ಶುರುವಾಗಲು ಇನ್ನೇನು ಬೇಕು? ಕೊನೆಯ ಕೋಣೆಯಲ್ಲಿ ಬಾಡಿಗೆಗಿದ್ದ ಶರಣಮ್ಮ ರಾಯಚೂರಿನ ಕಡೆಯವಳು. ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಮಹದೇವಪುರಕ್ಕೆ ಹೋಗಬೇಕು, ಏಳರ ಒಳಗೆ ಬಸ್ಸಿನಲ್ಲಿರಬೇಕು. ಹಣೆ ತುಂಬ ವಿಭೂತಿ, ಸೊಂಟದಲ್ಲಿ ಬಕೆಟ್, ಎದುರಿಗೆ ಬಂದು ನಿಂತಳು.

"ಅಣ್ಣಾರ, ಒಂದ್ ಮಾತ್ ಕೇಳ್ತೀನ್ರಿ. ನಿಮ್ ದೇವ್ರು ನಮ್ ಹಸೀ ಸೀರಿಗಿ ಅಂಜ್ತಾನೇನ್ರಿ?"

"ದೇವ್ರು ಹೆದರಲ್ಲಮ್ಮ," ಅಂದರು ಮಾವ ಗಂಭೀರವಾಗಿ, "ಸ್ಟೇಷನ್ನು ಹೆದರುತ್ತೆ."

ಶರಣಮ್ಮ ನಗು ತಡೆಯಲಾರದೆ ಬಕೆಟ್ ಕೆಳಗಿಟ್ಟಳು. ಅಲ್ಲಿಗೆ ಸೋತಳು. ಕಾಯುವುದು ಹೇಗೂ ಕಾಯಬೇಕು, ಕೇಳಿಯೇಬಿಡೋಣ ಎಂದು ಅಂಗಳದ ಹೆಂಗಸರು ಹಿಂಡಿದ ಬಟ್ಟೆಯ ಬಕೆಟ್ ಹಿಡಿದು ನಿಲ್ಲುವುದು ರೂಢಿಯಾಯಿತು. ಕಾರ್ಯಕ್ರಮ ಮುಗಿದ ಕೂಡಲೇ ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಆಯ್ತು, ಬಟ್ಟೆ ಹಾಕ್ಕೊಳ್ಳಿ" ಎಂದು ಕೂಗಬೇಕು. ಆಗ ಎಲ್ಲರೂ ಒಟ್ಟಿಗೆ ತಂತಿಗೆ ನುಗ್ಗಬೇಕು. ಕೆಲವೇ ದಿನಗಳಲ್ಲಿ ಶರಣಮ್ಮನೇ, "ಅಣ್ಣಾರ, ಸೌಂಡ್ ಏರಸ್ರಿ, ನಿನ್ನಿ ಕಥಿ ಅರ್ಧಕ್ಕ ನಿಂತದ" ಎಂದು ಗದರಿಸತೊಡಗಿದಳು. ಆಫೀಸಿಗೆ ತಡವಾಗಿ, ಒದ್ದೆ ದುಪಟ್ಟಾ ಹೊದ್ದು ಬಸ್ಸು ಹತ್ತುತ್ತಿದ್ದವಳು ನಾನೊಬ್ಬಳೇ.

ಕೇಳಿ ಸುಮ್ಮನಿದ್ದಿದ್ದರೆ ನನಗೂ ತಕರಾರಿರಲಿಲ್ಲ. ಮಾವ ಕೇಳಿದ್ದನ್ನು ಅದೇ ದಿನ ಮಾಡಿ ಮುಗಿಸುತ್ತಿದ್ದರು! ಸಾಲ ಉಳಿಸಿಕೊಳ್ಳದ ಮನುಷ್ಯ ನೋಡಿ. ಒಂದು ದಿನ ಬಿಂದಿಗೆ ಬ್ರದರ್, "ಇವತ್ತು ನಿಮ್ಮ ದಾರಿಯಲ್ಲಿ ಸಿಕ್ಕ ಮೊದಲ ಭಾರವನ್ನು ನಿಮ್ಮದೆಂದು ತಿಳಿಯಿರಿ" ಅಂದರು. ಮಾವ ಕೆಲಸಕ್ಕೆಂದು ಕೆ.ಆರ್. ಪುರದಲ್ಲಿ ಬಸ್ಸಿಳಿದಾಗ ರೈಲು ನಿಲ್ದಾಣದಿಂದ ಒಬ್ಬ ಹೆಂಗಸು ದೊಡ್ಡ ಚೀಲ ಎಳೆದುಕೊಂಡು ಬರುತ್ತಿದ್ದಳು. ಅಪರಿಚಿತ ಹೆಂಗಸರ ಜೊತೆ ಮಾತಾಡಲು ಮಾವನಿಗೆ ನಾಚಿಕೆ. ಹಾಗಾಗಿ ಮಾತಿಲ್ಲದೆ, ಕತೆಯಿಲ್ಲದೆ, ಚೀಲವನ್ನು ಅವಳ ಕೈಯಿಂದ ಕಸಿದು ಹೆಗಲ ಮೇಲೆ ಹಾಕಿಕೊಂಡು ಬಿರಬಿರನೆ ನಡೆದುಬಿಟ್ಟರು.

ಆಫೀಸಿಗೆ ಫೋನ್ ಬಂದು ನಾನು ಓಡಿಹೋದಾಗ ಮಾವ ಪೊಲೀಸರ ಎದುರು ಬೆಂಚಿನ ಮೇಲಿದ್ದರು. ಕಳ್ಳನೆಂದು ಜನ ಕೊಟ್ಟ ಏಟಿಗೆ ಅಂಗಿಯ ಗುಂಡಿ ಕಿತ್ತುಹೋಗಿತ್ತು, ಒಂದು ಕೈ ಬಾತಿತ್ತು.

"ಯಾಕ್ರೀ ಕದ್ದಿದ್ದು?"

"ಕದ್ದಿಲ್ಲ ಸಾರ್, ಹೊತ್ತಿದ್ದು."

"ಹೊರೋಕೆ ಯಾರು ಹೇಳಿದ್ರು?"

"ರೇಡಿಯೋದಲ್ಲಿ ಹೇಳಿದ್ರು ಸಾರ್."

ಪೊಲೀಸಿನವರು ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ಇವರು ಕುಡೀತಾರೇನಮ್ಮ?"

"ಇಲ್ಲ ಸಾರ್. ಬಿಟ್ಟಿದ್ದಾರೆ."

"ಅದಕ್ಕೇ," ಅಂದರು.

ನಾನು ಮೊದಲೇ ಹೇಳಲಿಲ್ಲವೇ? ಕಾನೂನೇ ನನ್ನ ಪರವಾಗಿತ್ತು! ವಿಷಯ ತಿಳಿದ ಆ ಹೆಂಗಸು ದೂರು ಬೇಡವೆಂದಳು. ಆದರೆ ಹೊರಡುವಾಗ, "ಹೊತ್ತಿದ್ದೇ ಹೊತ್ತಿರಿ, ಬಸ್ ಸ್ಟಾಪ್ ತನಕ ತಂದ್ಕೊಡಿ" ಅಂದಳು. ಮಾವನ ಕೈ ಬಾತಿದೆ. ಚೀಲದಲ್ಲಿ ಊರಿನಿಂದ ತಂದ ಒರಳುಕಲ್ಲು ಇದೆ. ಇನ್ನು ಹೊತ್ತವರು ಯಾರು ಎಂದು ಬಿಡಿಸಿ ಹೇಳಬೇಕೇ? ಸಂದೇಶ ಮಾವನಿಗೆ, ಭಾರ ನನಗೆ.

ಕ್ರಿಸ್‌ಮಸ್ಸಿನ ಕತೆ ಇದಕ್ಕಿಂತ ಕಹಿ. ನಾನೂ ಅತ್ತೆಯೂ ವಾರವಿಡೀ ಕೂತು ಹಬ್ಬದ ತಿಂಡಿಗೆಂದು ಕಲ್‌ಕಲ್ ಸುತ್ತಿ, ರೋಸ್ ಕುಕ್ಕಿ ಕರಿದು, ಕಜ್ಜಾಯ ತಟ್ಟಿ ಡಬ್ಬಿ ತುಂಬಿದ್ದೆವು. ನನ್ನ ಬೆರಳ ತುದಿಯಲ್ಲಿ ಎಣ್ಣೆ ಸಿಡಿದ ಗುಳ್ಳೆ ಇನ್ನೂ ಒಣಗಿರಲಿಲ್ಲ. ಬಿಂದಿಗೆ ಬ್ರದರ್ ಆವತ್ತೇ, "ಮುಚ್ಚಿಟ್ಟದ್ದು ಹಳಸುತ್ತದೆ, ಹಂಚಿದ್ದು ಉಳಿಯುತ್ತದೆ" ಅನ್ನಬೇಕೇ! ನಾವು ಬಟ್ಟೆ ತರಲು ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿ ಬರುವಷ್ಟರಲ್ಲಿ ಮಾವ ಡಬ್ಬಿಗಳನ್ನು ಹೊತ್ತುಕೊಂಡು ಹೋಗಿ, ಬಸ್ ನಿಲ್ದಾಣದಲ್ಲಿ ಡ್ರೈವರು, ಕಂಡಕ್ಟರು, ಕಾಯುತ್ತಿದ್ದ ಜನ, ಎಲ್ಲರಿಗೂ ಹಂಚಿ ಬಂದಿದ್ದರು.

ಅತ್ತೆ ಖಾಲಿ ಕಪಾಟಿನ ಬಾಗಿಲು ಹಾಕಿದರು. "ರೀ, ಆ ರೇಡಿಯೋದವರಿಗೆ ಹೆಂಡ್ತಿ ಇಲ್ವಂತಾ?"

ಮಾವ ಯೋಚಿಸಿದರು. "ಗೊತ್ತಿಲ್ಲ. ಪ್ರಶ್ನೆ ಇದ್ರೆ ಬರೆದು ಕಳಿಸಿ ಅಂದಿದ್ದಾರೆ."

ಆ ವರ್ಷ ಮನೆಗೆ ಬಂದ ನೆಂಟರಿಗೆ ಅಂಗಡಿ ಬಿಸ್ಕತ್ತು ಕೊಟ್ಟೆವು. ಹಂಚಿದ್ದು ಉಳಿಯುತ್ತದೆ ಎಂದಿದ್ದರಲ್ಲ, ಎಲ್ಲಿ ಉಳಿಯಿತೋ ನನಗಂತೂ ಕಾಣಲಿಲ್ಲ. ಡಬ್ಬಿಗಳೂ ವಾಪಸ್ ಬರಲಿಲ್ಲ.

ಚರ್ಚಿನಲ್ಲಾದರೂ ಸುಮ್ಮನಿರುತ್ತಿದ್ದರೇ? ಅಯ್ಯನವರು ಪ್ರಸಂಗ ಮಾಡುವಾಗ ಮಾವ ಮುಂದಿನ ಸಾಲಿನಲ್ಲಿ ಕೂತು, ಮಾತು ಎಲ್ಲಿಗೋ ಹೋಯಿತು ಅನ್ನಿಸಿದರೆ ಗಾಳಿಯಲ್ಲಿ ಬೆರಳಿನಿಂದ ತಿರುಪು ತಿರುಗಿಸಿ ತೋರಿಸುತ್ತಿದ್ದರು. ಒಂದು ಭಾನುವಾರ ಅಯ್ಯನವರು ತಡೆಯಲಾರದೆ ಆರಾಧನೆ ಮುಗಿದ ಮೇಲೆ ಕರೆದು ಕೇಳಿದರು: "ಏನಯ್ಯಾ, ನನ್ನ ಪ್ರಸಂಗ ಚೆನ್ನಾಗಿಲ್ವಾ?"

"ಚೆನ್ನಾಗಿದೆ ಅಯ್ಯನವರೇ. ಅರ್ಧ ಗಂಟೆಗೆ ಮುಗಿಯಲ್ಲ ಅನ್ನೋದೊಂದೇ," ಅಂದರು ಮಾವ. ಸಭೆಯಲ್ಲಿ ಎಲ್ಲರ ಮನಸ್ಸಿನಲ್ಲಿದ್ದ ಮಾತೇ ಅದು. ಹೇಳಲು ರೇಡಿಯೋ ಬೇಕಾಯಿತು, ಅಷ್ಟೆ.

ಇಷ್ಟೆಲ್ಲ ಅನುಭವಿಸಿದ ನಾನು ಸೇಡು ತೀರಿಸಿಕೊಳ್ಳಬೇಡವೇ? ಅಡುಗೆಮನೆಯ ಹಿತ್ತಾಳೆ ಚೊಂಬನ್ನು ಬಾಯಿಗಿಟ್ಟುಕೊಂಡು ಮಾತಾಡಿದರೆ ಥೇಟ್ ಬಿಂದಿಗೆ ಬ್ರದರ್ ದನಿ ಬರುತ್ತದೆ ಎಂದು ಕಂಡುಹಿಡಿದೆ. ಮೊದಲು ಹಲ್ಲು ಕಚ್ಚಿ ಗೊರಗೊರ. ಆಮೇಲೆ ಏರಿ ಇಳಿಯುವ ಶಿಳ್ಳೆ. ನಡುವೆ ಚೀನೀಯವರು. ಆಮೇಲೆ ಹಾರ್ಮೋನಿಯಂ, ಅದನ್ನು ಮೂಗಿನಲ್ಲಿ ನುಡಿಸಬೇಕು. ಕೊನೆಗೆ, "ಈ ದನಿ ಕೇಳುತ್ತಿರುವ ಮನೆಗೆ ಸಮಾಧಾನ" ಎಂಬ ಅವರ ನಿತ್ಯದ ಮೊದಲ ಮಾತು. ನೆಂಟರಲ್ಲಿ ನನ್ನ ಕೀರ್ತಿ ಬಹಳ ಬೇಗ ಹಬ್ಬಿತು. ನಿಶ್ಚಿತಾರ್ಥವಿರಲಿ, ನಾಮಕರಣವಿರಲಿ, ಊಟವಾದ ಮೇಲೆ ಯಾರಾದರೂ ಒಬ್ಬರು ಚೊಂಬು ತಂದು ನನ್ನ ಮುಂದಿಡುತ್ತಿದ್ದರು.

ಕುಕ್ ಟೌನಿನ ಒಂದು ನಿಶ್ಚಿತಾರ್ಥದಲ್ಲಿ ಮಾವ ಎದುರಿಗೇ ಕೂತಿದ್ದರು. ನಾನು ಬಿಡಲಿಲ್ಲ. ಒರಳುಕಲ್ಲು, ಕಜ್ಜಾಯ, ಹಸಿ ಲಂಗ, ಎಲ್ಲವನ್ನೂ ಸೇರಿಸಿ ಸಂದೇಶ ಕೊಟ್ಟೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವ ಮಾತ್ರ ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಕೈ ಜೋಡಿಸಿ ಕೂತಿದ್ದರು. ಮುಗಿದ ಮೇಲೆ ಹತ್ತಿರ ಬಂದು, "ಹಾರ್ಮೋನಿಯಂ ಇನ್ನೊಂಚೂರು ನಿಧಾನ ಕಣೇ. ಮಿಕ್ಕಿದ್ದೆಲ್ಲ ಸರಿಯಾಗಿ ಹಿಡಿದಿದೆ," ಎಂದು ಹೇಳಿ ಕೈ ತೊಳೆಯಲು ಹೋದರು. ಒಬ್ಬರನ್ನು ಅವಮಾನಿಸಲು ಪಟ್ಟ ಶ್ರಮ ಇಷ್ಟೊಂದು ದಂಡವಾದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ವರ್ಷಗಳು ಕಳೆದವು. ನನಗೆ ಮದುವೆಯಾಗಿ ಕುಕ್ ಟೌನಿನಲ್ಲೇ ಬಾಡಿಗೆ ಮನೆ ಮಾಡಿದೆವು. ಮಾವ ನಿವೃತ್ತರಾದರು. ಊರಿಗೆ ಎಫ್.ಎಂ. ಬಂದು, ಆಟೋದಲ್ಲೂ ಕ್ಷೌರದಂಗಡಿಯಲ್ಲೂ ದಿನವಿಡೀ ಹರಟೆ, ಹಾಡು. ವಠಾರದಲ್ಲಿ ಮಾತ್ರ ಬೆಳಗ್ಗೆ ಆರಕ್ಕೆ ತಂತಿ ಖಾಲಿಯಿರುತ್ತಿತ್ತು. ಹಾಗಿರುವಾಗ ಒಂದು ಶನಿವಾರ ಬಿಂದಿಗೆ ಬ್ರದರ್ ಸೋಮವಾರದಿಂದ ಶಾರ್ಟ್ ವೇವಿನಲ್ಲಿ ತಮ್ಮ ಪ್ರಸಾರ ಇರುವುದಿಲ್ಲವೆಂದೂ, ಕಂಪ್ಯೂಟರಿನಲ್ಲಿ ಕೇಳಬಹುದೆಂದೂ ಹೇಳಿ, ಇನ್ನೊಮ್ಮೆ ಸಮಾಧಾನ ಹಾರೈಸಿ ಮುಗಿಸಿದರು. ಮಾವ ಕಂಪ್ಯೂಟರನ್ನು ಬ್ಯಾಂಕಿನಲ್ಲಿ ದೂರದಿಂದ ನೋಡಿದ್ದರು.

"ಹಾಗೆಲ್ಲ ನಿಲ್ಲಿಸಲ್ಲ ಕಣೇ, ಸುಮ್ನೆ ಪರೀಕ್ಷೆ ಮಾಡ್ತಿದ್ದಾರೆ," ಅಂದರಂತೆ ಅತ್ತೆಗೆ. ಅತ್ತೆ ನನಗೆ ಫೋನ್ ಮಾಡಿದರು. "ಭಾನುವಾರ ಬಂದು ಉಳ್ಕೋ. ಸೋಮವಾರ ಬೆಳಗ್ಗೆ ನಾನೊಬ್ಬಳೇ ಇರೋಕೆ ಭಯ ಆಗುತ್ತೆ." ಯಾವುದರ ಭಯ ಎಂದು ನಾನು ಕೇಳಲಿಲ್ಲ. ಹೊಸಕೋಟೆಯ ಹೆಂಡದಂಗಡಿ ನನಗೂ ನೆನಪಿತ್ತು.

ಸೋಮವಾರ ಆರು ಗಂಟೆಗೆ ಅಂಗಳದಲ್ಲಿ ಹೆಂಗಸರು ಬಕೆಟ್ ಹಿಡಿದು ನಿಂತಿದ್ದರು. ವಿಷಯ ಅವರಿಗೂ ಗೊತ್ತಿತ್ತು, ಆದರೂ ತಂತಿಗೆ ಯಾರೂ ಒಂದು ಕರ್ಚೀಫನ್ನೂ ಹಾಕಿರಲಿಲ್ಲ. ಮಾವ ತಿರುಪು ತಿರುಗಿಸಿದರು. ಬರೀ ಶ್ ಎಂಬ ಸದ್ದು. ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ತಾಮ್ರದ ಎಳೆ ಬಿಚ್ಚಿ ಮತ್ತೆ ಕಟ್ಟಿದರು. ಅಕ್ಕಿ ಡಬ್ಬಿಗೆ ಕೈ ಹಾಕಿ ಹೊಸ ಸೆಲ್ ತಂದು ಹಾಕಿದರು. ಚೀನೀಯವರು ಕೂಡ ಇರಲಿಲ್ಲ. ಕೊನೆಗೆ ಸೆಟ್ಟನ್ನು ಆಫ್ ಮಾಡಿ, ಬಟ್ಟೆಯಿಂದ ಒರೆಸಿ, ಎದ್ದು ನಿಂತು ಚಪ್ಪಲಿ ಮೆಟ್ಟಿದರು.

"ಸ್ವಲ್ಪ ಶಿವಾಜಿನಗರದ ಕಡೆ ಹೋಗ್ಬರ್ತೀನಿ."

ಆ ಹೊತ್ತಿನಲ್ಲಿ ಶಿವಾಜಿನಗರದಲ್ಲಿ ಏನು ಕೆಲಸ? ಬಾಗಿಲಿನ ಚಿಲಕಕ್ಕೆ ಚಾಚಿದ ಅವರ ಕೈ ನಡುಗುತ್ತಿತ್ತು. ಅತ್ತೆ ತಡೆಯಲಿಲ್ಲ, ಅಳಲಿಲ್ಲ. ಅಡುಗೆಮನೆಗೆ ಬಂದು ನೇರವಾಗಿ ಹಿತ್ತಾಳೆ ಚೊಂಬನ್ನು ನನ್ನ ಕೈಗಿಟ್ಟರು.

"ಮಾಡು."

"ಏನತ್ತೆ?"

"ಎಲ್ಲರನ್ನೂ ನಗಿಸೋಕೆ ಮಾಡ್ತೀಯಲ್ಲ, ಅದನ್ನೇ."

ಅಂಗಳದಲ್ಲಿ ಮಾವನ ಚಪ್ಪಲಿಯ ಸದ್ದು ಗೇಟಿನ ಕಡೆ ಹೋಗುತ್ತಿತ್ತು. ನಾನು ಕಿಟಕಿಯ ಹತ್ತಿರ ನಿಂತು ಚೊಂಬನ್ನು ಬಾಯಿಗಿಟ್ಟುಕೊಂಡೆ. ಗೊರಗೊರ ಮಾಡಿದೆ. ಶಿಳ್ಳೆ ಹಾಕಿದೆ. ಹಾರ್ಮೋನಿಯಮ್ಮನ್ನು ನಿಧಾನವಾಗಿ, ಮಾವ ಹೇಳಿದಷ್ಟು ನಿಧಾನವಾಗಿ ನುಡಿಸಿದೆ. "ಈ ದನಿ ಕೇಳುತ್ತಿರುವ ಮನೆಗೆ ಸಮಾಧಾನ" ಅಂದೆ. ಚಪ್ಪಲಿಯ ಸದ್ದು ನಿಂತಿತು. ಮುಂದೆ ಏನು ಹೇಳುವುದು? ಗೇಲಿಗೆ ನೂರು ಮಾತು ಹುಟ್ಟುತ್ತಿದ್ದ ತಲೆಯಲ್ಲಿ ಆಗ ಒಂದೂ ಇರಲಿಲ್ಲ. ಕೊನೆಗೆ ಟೀ ಅಂಗಡಿಯ ಮಾತೇ ಬಾಯಿಗೆ ಬಂತು. ರಸ್ತೆ ಬದಿಯಲ್ಲಿ ಬಿದ್ದಿರುವ ಮಗನೇ, ನಿನ್ನನ್ನು ಯಾರೂ ನೋಡುತ್ತಿಲ್ಲ ಅಂದುಕೊಂಡೆಯಾ ಎಂದೆ. ನೋಡುತ್ತಿದ್ದಾರೆ ಎಂದೆ. ಅಡುಗೆಮನೆಯಿಂದ ಒಬ್ಬಳು ನೋಡುತ್ತಿದ್ದಾಳೆ, ಅಂಗಳದಿಂದ ನೋಡುತ್ತಿದ್ದಾರೆ, ನೀನು ಎಲ್ಲಿಗೆ ಹೊರಟರೂ ಕಾಣುತ್ತದೆ, ಬಾ ಎಂದೆ. ಒಂದಿಷ್ಟು ಶಿಳ್ಳೆ ಹಾಕಿದೆ, ಅಳು ಕೇಳಿಸಬಾರದೆಂದು.

ಅಂಗಳದಲ್ಲಿ ಯಾರೂ ನಗಲಿಲ್ಲ. ಶರಣಮ್ಮ ಮಾತ್ರ, ಯಾರಿಗೆಂದೂ ಇಲ್ಲದೆ, "ಸ್ಟೇಷನ್ ಚಲೋ ಹಿಡ್ದದ ಇವತ್ತ" ಅಂದಳು.

ಚಪ್ಪಲಿಯ ಸದ್ದು ವಾಪಸ್ ಬಂತು. ಮಾವ ಅಡುಗೆಮನೆಗೇ ಬಂದರು. ನನ್ನ ಕೈಯಿಂದ ಚೊಂಬು ತೆಗೆದುಕೊಂಡು, ಕೊಡದಿಂದ ನೀರು ಬಗ್ಗಿಸಿ ಗಟಗಟನೆ ಕುಡಿದರು. ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು. ಅತ್ತೆ ಸೆರಗಿನಿಂದ ಒರೆಸಿದರು.

"ನಾಳೆ ಶಿಳ್ಳೆ ಸ್ವಲ್ಪ ಕಮ್ಮಿ ಮಾಡು ಕಣೇ," ಅಂದರು ಮಾವ ನನ್ನ ಮುಖ ನೋಡದೆ. "ವಯಸ್ಸಾಯ್ತು, ಕಿವಿ ನೋಯುತ್ತೆ."

ನಾಳೆ ನನಗೆ ಆಫೀಸಿದೆ, ಮನೆಯಿದೆ, ಗಂಡನಿದ್ದಾನೆ, ಬೆಳಗಾಗುವ ಮೊದಲೇ ಹಲಸೂರಿಗೆ ಬಂದು ಚೊಂಬು ಊದಲು ನನಗೇನು ಹುಚ್ಚೇ ಎಂದು ಕೇಳಲು ಬಾಯಿ ತೆರೆದೆ. "ಆಯ್ತು ಮಾವ" ಎಂದಿತು ಬಾಯಿ.

ಮಾವ ಬಾಗಿಲಿನ ಪಕ್ಕ ಚಪ್ಪಲಿ ಬಿಟ್ಟು ಬಂದು, ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಆಯ್ತು, ಬಟ್ಟೆ ಹಾಕ್ಕೊಳ್ಳಿ."